ಬಾಯ್ಲರಿಗೆ ಸುದ್ದಿ ಮುಟ್ಟಿಸುವವರು

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವೈಟ್‌ವಾಟರ್ ಅನ್ನೋ ಊರು. ಅಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಪಾಠ ಮಾಡುತ್ತಿದ್ದರು. ಚಳಿಗಾಲ ಬಂತೆಂದರೆ ಪಾಠದ ಮಧ್ಯೆ ಶಾಲೆಯ ಜವಾನ ಬಾಗಿಲು ತೆಗೆದು ಒಳಗೆ ಬರುತ್ತಿದ್ದ. ಅವನ ತಪ್ಪೇನಿಲ್ಲ, ಪಾಪ. ಯಾವ ಕೋಣೆ ತಣ್ಣಗಿದೆ, ಯಾವುದು ಬಿಸಿಯಾಗಿದೆ ಅಂತ ನೋಡಿಕೊಂಡು, ನೆಲಮಾಳಿಗೆಗೆ ಇಳಿದು ಅದಕ್ಕೆ ತಕ್ಕ ಹಾಗೆ ಶಾಖ ಬಿಡಬೇಕಿತ್ತು. ಈ ಕಾಟಕ್ಕೆ ಜಾನ್ಸನ್ ಕಂಡುಕೊಂಡ ಉಪಾಯಕ್ಕೆ 1883ರಲ್ಲಿ ಪೇಟೆಂಟ್ ಸಿಕ್ಕಿತು: ಕೋಣೆಯಲ್ಲೊಂದು ಥರ್ಮೋಸ್ಟಾಟ್, ಕೆಳಗೆ ಗಂಟೆ. ಗಂಟೆ ಹೊಡೆದರೆ ಉಳಿದದ್ದು ಜವಾನನ ಕೆಲಸ.

ಗಮನಿಸಿ, ಥರ್ಮೋಸ್ಟಾಟ್ ಬಿಸಿ ಮಾಡ್ತಿರಲಿಲ್ಲ. ಸುದ್ದಿ ಕಳಿಸ್ತಿತ್ತು, ಅಷ್ಟೇ. 1885ರಲ್ಲಿ ಜಾನ್ಸನ್ ಮಿಲ್ವಾಕಿಯಲ್ಲಿ ಕಂಪನಿ ಕಟ್ಟಿದರು. 1895ರ ಹೊತ್ತಿಗೆ ಒತ್ತಿದ ಗಾಳಿಯಿಂದಲೇ ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ವ್ಯವಸ್ಥೆ ಬಂತು. ಜವಾನನ ಓಡಾಟ ಮುಗಿಯಿತು. ಅವನ ಕೆಲಸ ಮಾತ್ರ ಸಣ್ಣ ಸಣ್ಣ ಯಂತ್ರಗಳಿಗೆ ಹಂಚಿಹೋಯಿತು.

ಅದೇ ವಿಸ್ಕಾನ್ಸಿನ್‌ನಲ್ಲಿರೋ ನಮ್ಮ ಮನೆಗೆ ಎರಡು ಝೋನ್. ಈ ಜನವರಿಯಲ್ಲಿ ಮೇಲಿನದು ಕೈಕೊಟ್ಟಿತು. ಮೈಸೂರಿಂದ ಬಂದ ಅಮ್ಮ ಮಲಗೋದು ಅಲ್ಲೇ. ರಿಪೇರಿಗೆ ಬಂದವನು ಹೊಸ ಥರ್ಮೋಸ್ಟಾಟ್ ಹಾಕಿ ದುಡ್ಡು ತಗೊಂಡು ಹೋದ. ಚಳಿ ಹೋಗಲಿಲ್ಲ. ಎರಡು ಶಾಲು ಹೊದ್ದ ಅಮ್ಮನೇ ಅಂದ್ರು, “ಕೆಳಗಡೆ ಬಿಸಿ ಬಂದಾಗ ಮಾತ್ರ ನನ್ನ ರೂಮಿಗೂ ಬರತ್ತೆ ಕಣೋ.”

ಅರ್ಧ ಉತ್ತರ ಅದರಲ್ಲೇ ಇತ್ತು. ನಮ್ಮಂಥ ಬಿಸಿನೀರಿನ ವ್ಯವಸ್ಥೆಯಲ್ಲಿ ಥರ್ಮೋಸ್ಟಾಟ್ 24 ವೋಲ್ಟ್‌ನಲ್ಲಿ ಆ ಝೋನಿನ ವಾಲ್ವ್ ತೆರೆಸುತ್ತೆ. ವಾಲ್ವ್ ಪೂರ್ತಿ ತೆರೆದಾಗ ಒಳಗಿನ ಪುಟ್ಟ ಸ್ವಿಚ್ ಒತ್ತುತ್ತೆ. ಬಾಯ್ಲರ್‌ಗೂ ಪಂಪಿಗೂ “ಶುರು ಮಾಡಿ” ಅನ್ನೋದು ಈ ಸ್ವಿಚ್. ಎರಡು ವಾಲ್ವ್, ಎರಡು ಸ್ವಿಚ್. ಯಾವುದು ಕರೆದರೂ ಬಾಯ್ಲರ್ ಹೊತ್ತಿಕೊಳ್ಳುತ್ತೆ. ಮೇಲಿನ ಸ್ವಿಚ್ ಸತ್ತಿದ್ದರೆ ಅದರ ವಾಲ್ವ್ ತೆರೆದೇ ಇರುತ್ತೆ, ಆದರೆ ಬಾಯ್ಲರಿಗೆ ಗೊತ್ತೇ ಆಗಲ್ಲ. ಕೆಳಗಿನವರು ಕರೆದಾಗ ಇದಕ್ಕೂ ಪುಕ್ಕಟೆ ಬಿಸಿನೀರು.

ಕೆಳಗಿನ ಥರ್ಮೋಸ್ಟಾಟ್ ಆಫ್ ಮಾಡಿ, ಮೇಲಿನದನ್ನು ಏರಿಸಿ ನೆಲಮಾಳಿಗೆಗೆ ಇಳಿದೆ. ವಾಲ್ವ್ ತೆರೆದಿತ್ತು. ಬಾಯ್ಲರ್ ಗಪ್‌ಚಿಪ್. ಅಲ್ಲಿಗೆ ಥರ್ಮೋಸ್ಟಾಟ್ ನಿರಪರಾಧಿ! ಮೀಟರ್ ಹಿಡಿದು ನೋಡಿದರೆ ಸ್ವಿಚ್ಚಿನ ಎರಡು ತಂತಿಗಳ ನಡುವೆ ಸಂಪರ್ಕವೇ ಇರಲಿಲ್ಲ. ಕರೆಂಟ್ ಆಫ್ ಮಾಡಿ ವಾಲ್ವಿನ ಮೇಲಿನ ಮೋಟಾರ್ ಭಾಗವನ್ನಷ್ಟೇ ಬದಲಿಸಿದೆ. ನೀರು ಖಾಲಿ ಮಾಡುವ ಗೋಜೂ ಇರಲಿಲ್ಲ.