ಸಿರಸಂಗಿ ಸೀಮೆಯಲ್ಲಿ ಬೆಲ್ಲ ಮತ್ತು ಸಕ್ಕರೆ: ಒಂದು ಐತಿಹಾಸಿಕ ಪರಿಶೀಲನೆ

ಸಕ್ಕರೆಗೆ ಬದಲಾಗಿ ಬೆಲ್ಲವನ್ನು ಬಳಸಬೇಕೆಂಬ ಮಾತು ಈಚೆಗೆ ಪದೇ ಪದೇ ಕೇಳಿಬರುತ್ತಿದೆ. ಇತಿಹಾಸದೃಷ್ಟಿಯಿಂದ ನೋಡಿದರೆ ಈ ಮಾತು ತಲೆಕೆಳಗಾದುದೆಂದು ನಮಗೆ ತೋರುತ್ತದೆ. ಸವದತ್ತಿ ಸೀಮೆಯ ಸಿರಸಂಗಿಯಂತಹ ಗ್ರಾಮಗಳಲ್ಲಿ ಬೆಲ್ಲವೇ ಮೊದಲಿನ ಸಿಹಿ. ಬದಲಿಯಾಗಿ ಬಂದುದು ಕಾರ್ಖಾನೆಯ ಸಕ್ಕರೆ.

ಪ್ರಾಚೀನರು ಸಕ್ಕರೆಯನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಐದನ್ನು ಒಂದೇ ವರ್ಗದಲ್ಲಿ ಎಣಿಸುತ್ತದೆ. ‘ಸಕ್ಕರೆ’ಯು ಶರ್ಕರಾ ಶಬ್ದದ ತದ್ಭವ, ‘ಬೆಲ್ಲ’ವಾದರೋ ತಮಿಳಿನ ‘ವೆಲ್ಲಂ’ ಶಬ್ದದ ಬಂಧುವಾದ ದೇಶ್ಯಪದ. ಇವುಗಳಲ್ಲಿ ಜನಜೀವನಕ್ಕೆ ಹತ್ತಿರವಾದುದು ಯಾವುದೆಂಬುದಕ್ಕೆ ಆಚಾರಗಳೇ ಸಾಕ್ಷಿ. ಸಂಕ್ರಾಂತಿಯ ಕುಸುರೆಳ್ಳಿಗೆ ಸಕ್ಕರೆ ಬೇಕು. ಆದರೆ ಯುಗಾದಿಯ ಬೇವುಬೆಲ್ಲ, ಪಂಚಮಿಯ ಉಂಡಿ, ಗೋದಿಯ ಹುಗ್ಗಿ, ಹೋಳಿಗೆ ಇವೆಲ್ಲ ಬೆಲ್ಲದವು.

ಈ ಕ್ರಮ ಬದಲಾದುದು ಇಪ್ಪತ್ತನೆಯ ಶತಮಾನದಲ್ಲಿ. ಜಾವಾದ ಸಕ್ಕರೆಯ ಪೈಪೋಟಿಯನ್ನು ತಡೆಯಲು 1932ರಲ್ಲಿ ಸರಕಾರವು ದೇಶೀ ಸಕ್ಕರೆಗೆ ಸುಂಕದ ರಕ್ಷಣೆಯನ್ನಿತ್ತಿತು. ಕಾರ್ಖಾನೆಗಳು ಶೀಘ್ರವಾಗಿ ಹೆಚ್ಚಿದವು. ಬೆಳಗಾವಿ ಜಿಲ್ಲೆಯ ಉಗಾರದಲ್ಲಿ 1939ರಲ್ಲಿ ಒಂದು ಸ್ಥಾಪಿತವಾಯಿತು. 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಇದಕ್ಕೆ ಪ್ರತಿಯಾಗಿ ಕಬ್ಬಿನ ಮತ್ತು ತಾಳೆಯ ಬೆಲ್ಲವನ್ನು ಎತ್ತಿಹಿಡಿಯಿತು. ಆ ಸಂಘದ ಪ್ರೇರಕರಾದ ಗಾಂಧೀಜಿಯವರು 1937ರಲ್ಲಿ ಗಾಂಧೀ ಸೇವಾ ಸಂಘದ ಸಮ್ಮೇಳನಕ್ಕಾಗಿ ಇದೇ ಜಿಲ್ಲೆಯ ಹುದಲಿಗೆ ಬಂದಿದ್ದರು.

ಸಿರಸಂಗಿಯ ಸುತ್ತಿನ ಎರೆಭೂಮಿಯು ಜೋಳ, ಹತ್ತಿ, ಗೋದಿಗಳಿಗೆ ಹೆಸರಾದುದು. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಪೂರ್ಣವಾದ ಬಳಿಕ ಮಲಪ್ರಭೆಯ ನೀರಾವರಿ ವಿಸ್ತರಿಸಿತು. ಶತಮಾನದ ಕೊನೆಗೆ ಸವದತ್ತಿ ಸೀಮೆಯ ಮುನವಳ್ಳಿಯಲ್ಲಿಯೇ ಸಕ್ಕರೆಯ ಕಾರ್ಖಾನೆ ತಲೆಯೆತ್ತಿತು.

ಇಲ್ಲಿ ಗಮನಿಸಬೇಕಾದುದು ರುಚಿಯೊಂದನ್ನೇ ಅಲ್ಲ. ಗಾಣದಲ್ಲಿ ಕಬ್ಬನ್ನು ಅರೆದು, ಕೊಪ್ಪರಿಗೆಯಲ್ಲಿ ಹಾಲನ್ನು ಕಾಸಿ, ಬೆಂಡೆಯ ಲೋಳೆಯಿಂದ ಕೊಳೆ ತೆಗೆದು ಪೆಂಟಿ ಕಟ್ಟುವ ರೈತನ ಕೈಯಲ್ಲಿ ಸಿದ್ಧವಸ್ತುವಿರುತ್ತದೆ. ಬೆಲೆ ಕುಸಿದರೆ ಕೆಲಕಾಲ ಕಾಯಬಲ್ಲನು. ಕಡಿದ ಕಬ್ಬಾದರೋ ಕಾಯದು. ದಿನ ಕಳೆದಂತೆ ತೂಕವೂ ಸಿಹಿಯೂ ಇಳಿಯುತ್ತವೆ. ಆದುದರಿಂದ ಬೆಲ್ಲದಿಂದ ಸಕ್ಕರೆಗೆ ನಡೆದ ಪಲ್ಲಟವು ರೈತನ ಸ್ವಾತಂತ್ರ್ಯದ ಪಲ್ಲಟವೂ ಹೌದು.

ಬೆಲ್ಲವನ್ನು ಔಷಧವೆಂದು ಹೊಗಳುವುದು ಮಾತ್ರ ಯುಕ್ತವಲ್ಲ. ಅದರಲ್ಲಿ ಖನಿಜಾಂಶಗಳು ಕೊಂಚ ಉಳಿದಿದ್ದರೂ ಬಹುಭಾಗ ಸಕ್ಕರೆಯೇ. ಮಧುಮೇಹಿಗಳಿಗೆ ಅದು ನಿರಪಾಯವಲ್ಲ. ಬಣ್ಣಕ್ಕಾಗಿ ರಾಸಾಯನಿಕ ಬೆರೆಸಿದ ಬೆಲ್ಲವಂತೂ ಹಳೆಯ ಬೆಲ್ಲವೇ ಅಲ್ಲ. ಬೆಲ್ಲದ ಪುನರುಜ್ಜೀವನವನ್ನು ಬಯಸುವವರು ಕೊಳ್ಳುವವನ ಆರೋಗ್ಯದೊಡನೆ ಗಾಣದ ಒಡೆತನವನ್ನೂ ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.