ಕಡಲಿಗೆ ಹೊರಟ ಇಪ್ಪತ್ನಾಲ್ಕು ದಿನ

ಅಹಮದಾಬಾದಿನ ಪಶ್ಚಿಮದಂಚಿನಲ್ಲಿರುವ ಬೋಪಾಲ್ 2020ರಲ್ಲಷ್ಟೇ ಮಹಾನಗರ ಪಾಲಿಕೆಗೆ ಸೇರಿತು. ಒಂದು ವಾರದ ರಜೆ ಹಾಕಿ ಅಲ್ಲಿಂದ ಕಾರಿನಲ್ಲಿ ದಕ್ಷಿಣ ಗುಜರಾತಿನ ಕಡಲ ಕಡೆ ಹೊರಡುವವರ ಮುಂದೆ ಗೊತ್ತಿರುವ ಪ್ರಶ್ನೆಗಳೇ ಇರುತ್ತವೆ: ಯಾವ ದಾರಿ, ದಿನಕ್ಕೆಷ್ಟು ದೂರ, ರಾತ್ರಿ ತಂಗುವುದೆಲ್ಲಿ, ಊಟಕ್ಕೇನು. ರಿಂಗ್ ರೋಡ್ ಹಿಡಿದು ಹೆದ್ದಾರಿ ಸೇರಿದರೆ ಐದಾರು ಗಂಟೆಯಲ್ಲಿ ನವಸಾರಿ ದಾಟಿ ದಾಂಡಿ ಸಿಗುತ್ತದೆ. 1930ರಲ್ಲಿ ಇವೇ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಇದೇ ಕಡಲಿಗೆ 241 ಮೈಲಿ, ಅಂದರೆ ಸುಮಾರು 385 ಕಿಲೋಮೀಟರ್, ನಡೆದವರಿದ್ದರು. ದಾಂಡಿ ಯಾತ್ರೆ ಎಂದರೆ ಎಲ್ಲರಿಗೂ ಒಂದು ಹಿಡಿ ಉಪ್ಪು ನೆನಪಾಗುತ್ತದೆ. ಆ ಉಪ್ಪಿನವರೆಗೆ ಜನರನ್ನು ತಲುಪಿಸಿದ ಯೋಜನೆಯ ಕತೆಯೂ ಅಷ್ಟೇ ದೊಡ್ಡದು.

ಯೋಜನೆ ಶುರುವಾದದ್ದು ಕೊನೆಯ ದಿನದಿಂದ. ರೌಲಟ್ ಕಾಯ್ದೆಯ ವಿರುದ್ಧ ದೇಶದಾದ್ಯಂತ ಹರತಾಳ ನಡೆದದ್ದು 1919ರ ಏಪ್ರಿಲ್ 6ರಂದು. ಆ ದಿನವೇ ಉಪ್ಪಿನ ಕಾನೂನು ಮುರಿಯಬೇಕೆಂಬುದು ಗಾಂಧಿಯವರ ಲೆಕ್ಕ. ಅಲ್ಲಿಂದ ಹಿಂದಕ್ಕೆ ಎಣಿಸಿ ಮಾರ್ಚ್ 12ರ ಬೆಳಿಗ್ಗೆ ಸಾಬರಮತಿ ಆಶ್ರಮದಿಂದ ಹೊರಡುವುದೆಂದಾಯಿತು. ದಿನಕ್ಕೆ ಸರಾಸರಿ ಹತ್ತು ಮೈಲಿಯನ್ನು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನಡೆಯುವುದು. ಸೋಮವಾರ ಗಾಂಧಿಯವರ ಮೌನದ ದಿನವಾದ್ದರಿಂದ ಅಂದು ನಡಿಗೆಗೆ ಬಿಡುವು. ಗುರಿಯ ಊರಾಗಿ ಮೊದಲು ಮಹೀ ನದಿಯ ಅಳಿವೆಯ ಬಳಿಯ ಬದಲ್‌ಪುರದ ಹೆಸರಿತ್ತು. ಸೂರತ್ ಕಡೆಯ ಕಾರ್ಯಕರ್ತ ಕಲ್ಯಾಣಜಿ ಮೆಹ್ತಾ ಸೂಚಿಸಿದ್ದು ಜಲಾಲ್‌ಪುರ ತಾಲ್ಲೂಕಿನ ದಾಂಡಿ. ಹತ್ತಿರದ ಊರು ಬಿಟ್ಟು ದೂರದ್ದನ್ನು ಆರಿಸಿದ್ದರಿಂದ ದಾರಿ ಖೇಡಾ, ಭರೂಚ್, ಸೂರತ್ ಜಿಲ್ಲೆಗಳ ಹತ್ತಾರು ಹಳ್ಳಿಗಳನ್ನು ಹಾದು ಹೋಯಿತು.

ಹೊರಡುವ ಮೊದಲೇ ಯೋಜನೆಗೆ ಪೆಟ್ಟು ಬಿತ್ತು. ಮುಂದಾಗಿ ಹೋಗಿ ಹಳ್ಳಿಗಳನ್ನು ಅಣಿಗೊಳಿಸುತ್ತಿದ್ದ ವಲ್ಲಭಭಾಯಿ ಪಟೇಲರನ್ನು ಮಾರ್ಚ್ 7ರಂದು ರಾಸ್ ಗ್ರಾಮದಲ್ಲಿ ಬಂಧಿಸಲಾಯಿತು. ದಾರಿ ಸಿದ್ಧಪಡಿಸುವ ಕೆಲಸದಲ್ಲಿ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಆ ತಂಡದ ಹೆಸರು ಅರುಣ ಟುಕಡಿ. ಸೂರ್ಯನಿಗಿಂತ ಮುಂಚೆ ಬರುವವನು ಅರುಣ. ಟುಕಡಿ ನಮ್ಮ ತುಕಡಿಯೇ. ಯಾತ್ರಿಕರಿಗಿಂತ ಮೊದಲು ಊರು ಸೇರಿ ನೀರು, ನೆರಳು, ಮಲಗುವ ಜಾಗ, ಶೌಚದ ಏರ್ಪಾಡು ನೋಡುವುದು ಅವರ ಪಾಲು. ಯಾತ್ರಿಕರು ಹಾಸಿಗೆ ತಾವೇ ಹೊತ್ತು ತರುತ್ತಾರೆ, ಊಟ ಸಾದಾ ಇರಲಿ, ಸಿಹಿ ಬೇಡ ಎಂದು ಹಳ್ಳಿಗಳಿಗೆ ಮೊದಲೇ ತಿಳಿಸಲಾಗಿತ್ತು. ಬೆಳಿಗ್ಗೆ ರಾಬ್ ಎಂಬ ಅಂಬಲಿ ಮತ್ತು ಢೇಬ್ರಾ ರೊಟ್ಟಿ, ಮಧ್ಯಾಹ್ನ ಭಾಖರಿ, ಪಲ್ಯ, ಮಜ್ಜಿಗೆ, ರಾತ್ರಿ ಕಿಚಡಿ.

ಪ್ರತಿ ಹಳ್ಳಿಯಿಂದ ಒಂದು ಪಟ್ಟಿಯನ್ನೂ ಕೇಳಲಾಗಿತ್ತು. ಜನಸಂಖ್ಯೆ ಎಷ್ಟು, ಅಸ್ಪೃಶ್ಯರೆನಿಸಿಕೊಂಡವರು ಎಷ್ಟು, ಶಾಲೆಗೆ ಹೋಗುವ ಹುಡುಗ ಹುಡುಗಿಯರೆಷ್ಟು, ಚರಕಗಳೆಷ್ಟು, ದನ ಎಮ್ಮೆಗಳೆಷ್ಟು, ಕಂದಾಯದ ದರವೇನು, ತಲೆಗೆಷ್ಟು ಉಪ್ಪು ಬೇಕು, ದನಗಳಿಗೆಷ್ಟು. ಹೀಗೆ ಊರು ತಲುಪುವ ಹೊತ್ತಿಗೆ ಆ ಊರಿನ ಲೆಕ್ಕ ಕೈಯಲ್ಲಿರುತ್ತಿತ್ತು, ಭಾಷಣ ಅದರಿಂದ ಹುಟ್ಟುತ್ತಿತ್ತು. ದಭಾಣದಲ್ಲಿ ಸ್ವಾಗತಕ್ಕೆ ಕಾದಿದ್ದವರನ್ನು ದಾಟಿ ಗಾಂಧಿ ನೇರ ದಲಿತರ ಕೇರಿಗೆ ಹೋಗಿ ಅಲ್ಲಿನ ಬಾವಿಯ ನೀರು ಸೇದಿದರು. ದಾರಿಯುದ್ದಕ್ಕೂ ಊರ ಪಟೇಲರು ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಡತೊಡಗಿದರು.

ದಾರಿಯಲ್ಲಿ ಮನುಷ್ಯರ ಲೆಕ್ಕಕ್ಕೆ ಬಗ್ಗದೆ ಉಳಿದದ್ದು ಮಹೀ ನದಿ. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತಗಳ ನಡುವಿನ ಅಂತರ ಹತ್ತು ಮೀಟರ್ ಮೀರುವುದುಂಟು. ನೀರು ನದಿಯೊಳಕ್ಕೂ ನುಗ್ಗುತ್ತದೆ. ಮಾರ್ಚ್ 19ರ ರಾತ್ರಿ ಕಂಕಾಪುರದಲ್ಲಿ ಯಾತ್ರಿಕರು ಭರತಕ್ಕೆ ಕಾದು ದೋಣಿ ಏರಿದರು, ಮುಂದೆ ಕೆಸರು ತುಳಿದು ಆಚೆ ದಡದ ಕರೇಲಿ ಸೇರಿದರು. ಈಗಲೂ ಆ ನದಿ ದಾಟುವುದು ಹಗುರದ ಮಾತಲ್ಲ. ಬೋರ್ಸದ್ ಕಡೆಯಿಂದ ಪಾದ್ರಾ, ಜಂಬುಸರದತ್ತ ಹೋಗುವವರು ಬಳಸುತ್ತಿದ್ದ ಗಂಭೀರಾ ಸೇತುವೆ 2025ರ ಜುಲೈ 9ರಂದು ಕುಸಿದು ಕನಿಷ್ಠ ಇಪ್ಪತ್ತು ಜನ ಸತ್ತರು. ಅದಾದ ಮೇಲೆ ವಾಸದ್ ಕಡೆಯಿಂದ ಬಳಸಿ ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು.

ಇಷ್ಟೆಲ್ಲ ಸಿದ್ಧತೆಯಿದ್ದ ಯಾತ್ರೆಯೂ ಒಂದು ಕಡೆ ಎಡವಿತು. ಯಾತ್ರಿಕರಿಗೆಂದು ಸೂರತ್ತಿನಿಂದ ಲಾರಿಯಲ್ಲಿ ತರಕಾರಿ, ಹಾಲು ಬರತೊಡಗಿತ್ತು. ರಾತ್ರಿಯ ನಡಿಗೆಗೆ ಬೆಳಕು ಬೇಕೆಂದು ಕೂಲಿಯವನೊಬ್ಬ ಭಾರದ ಸೀಮೆಎಣ್ಣೆ ದೀಪವನ್ನು ತಲೆಯ ಮೇಲೆ ಹೊತ್ತು ಓಡುತ್ತಿದ್ದ. ಅದನ್ನು ಕಂಡ ಗಾಂಧಿ ಮಾರ್ಚ್ 29ರಂದು ಭಾಟಗಾಮದ ಸಭೆಯಲ್ಲಿ ತಮ್ಮವರನ್ನೂ ತಮ್ಮನ್ನೂ ಕಟುವಾಗಿ ತರಾಟೆಗೆ ತೆಗೆದುಕೊಂಡರು. ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ ಅವರು ವೈಸ್‌ರಾಯರ ತಿಂಗಳಿಗೆ 21,000 ರೂಪಾಯಿ ಸಂಬಳವನ್ನು ಬಡವನ ದಿನದ ಎರಡಾಣೆಗೂ ಕಡಿಮೆ ಗಳಿಕೆಯೊಂದಿಗೆ ಹೋಲಿಸಿದ್ದರು. ಹಾಗೆ ಕೇಳಿದವರು ಬಡವರ ಹೆಗಲ ಮೇಲೆ ಪ್ರಯಾಣ ಮಾಡಿದರೆ ಆ ಪತ್ರಕ್ಕೆ ಬೆಲೆಯಿಲ್ಲ ಎಂಬುದು ಅವರ ವಾದ. ಪ್ರಯಾಣಿಕನ ಅನುಕೂಲದ ಭಾರ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಡುದಾರಿಯಲ್ಲಿ ನಿಂತು ಕೇಳಿಕೊಂಡದ್ದು ಆ ಯಾತ್ರೆಯ ಹೆಚ್ಚುಗಾರಿಕೆ.

ಈ ದಾರಿಯನ್ನು ಕಾರಿನಲ್ಲಿ ಏಳು ದಿನಕ್ಕೆ ಹಂಚುವುದು ಕಷ್ಟವಲ್ಲ. ಮೊದಲ ದಿನ ಆಶ್ರಮದಿಂದ ಅಸ್ಲಾಲಿ, ಮಾತರ್ ಹಾದು ನಡಿಯಾದ್. ಎರಡನೆಯ ದಿನ ಆಣಂದ್, ಬೋರ್ಸದ್. ಮೂರನೆಯ ದಿನ ರಾಸ್ ಮತ್ತು ಕಂಕಾಪುರದ ದಡ. ನಾಲ್ಕನೆಯ ದಿನ ನದಿ ಬಳಸಿ ಕರೇಲಿ, ಜಂಬುಸರ. ಐದನೆಯ ದಿನ ನರ್ಮದೆಯ ಭರೂಚ್, 1881ರ ಗೋಲ್ಡನ್ ಬ್ರಿಡ್ಜ್. ಆರನೆಯ ದಿನ ಭಾಟಗಾಮ, ಸೂರತ್. ಏಳನೆಯ ದಿನ ನವಸಾರಿ, ದಾಂಡಿ. ಅಲ್ಲಿ ಗಾಂಧಿ ಏಪ್ರಿಲ್ 5ರಂದು ತಂಗಿದ ಸೈಫಿ ವಿಲಾ ಇದೆ, 2019ರ ಜನವರಿ 30ರಂದು ಉದ್ಘಾಟನೆಯಾದ ಉಪ್ಪಿನ ಸತ್ಯಾಗ್ರಹ ಸ್ಮಾರಕವಿದೆ.

ಸ್ಮಾರಕದಲ್ಲಿರುವ ಯಾತ್ರಿಕರ ಪ್ರತಿಮೆಗಳ ನಡುವೆ ಕನ್ನಡಿಗರು ಹುಡುಕಬೇಕಾದ ಹೆಸರೊಂದಿದೆ. ಮೊದಲ ದಿನ ಗಾಂಧಿಯವರೊಂದಿಗೆ ಹೊರಟ 78 ಜನರಲ್ಲಿ ಹಾವೇರಿಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಒಬ್ಬ. ಆಗ ಅವನಿಗೆ ಹದಿನೆಂಟು ವರ್ಷ. ಏಪ್ರಿಲ್ 6ರಂದು ದಾಂಡಿಯಲ್ಲಿ ಕಾನೂನು ಮುರಿದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಕನ್ನಡದ ಕರಾವಳಿಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ತಯಾರಾಯಿತು. ಮಹಾದೇವಪ್ಪ ಊರಿಗೆ ಮರಳಿ ಹೋರಾಟ ಮುಂದುವರಿಸಿದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಅವನಿಗೆ ಮೂವತ್ತೆರಡೂ ತುಂಬಿರಲಿಲ್ಲ.