ಕೊಟ್ಟರೂ ‘ಬಿಟ್ಟರು’, ತೊರೆದರೂ ‘ಬಿಟ್ಟರು’

ಸಂಜೆ ಗಂಟೆ ಹೊಡೆದು ಮಕ್ಕಳು ಹೊರಬಿದ್ದರೆ ಇಂಡಿಯ ಕಡೆ ‘ಸಾಲಿ ಬಿಟ್ಟೈತಿ’ ಎನ್ನುತ್ತಾರೆ. ಹುಡುಗನೊಬ್ಬ ಓದು ನಿಲ್ಲಿಸಿ ಅಪ್ಪ-ಅವ್ವನ ಜತೆ ಗೋವಾಕ್ಕೋ ಪುಣೆಗೋ ದುಡಿಯಲು ಹೋದರೆ ‘ಸಾಲಿ ಬಿಟ್ಟಾನ’. ಕ್ರಿಯಾಪದ ಒಂದೇ. ಇಂಡಿಯ ನಿಂಬೆಗಿಡ ಕಾಯಿ ಬಿಡುವುದೂ, ಮುದ್ದೇಬಿಹಾಳದ ರೈತ ಮಳೆ ಕೈಕೊಟ್ಟಾಗ ಹೊಲ ಬೀಳು ಬಿಡುವುದೂ ಇದೇ ಪದದಿಂದ.

ಈ ‘ಬಿಡು’ವಿಗೆ ಒಂದು ರಾಜಮರ್ಯಾದೆಯ ಕಾಲವೂ ಇತ್ತು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬಶಾಸನವಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರು; ಅದರ ಖರ್ಚಿಗೆ ಭೂಮಿ ದಾನವಾಗಿತ್ತು. ಆ ಮುಖ್ಯ ಶಾಸನ ಸಂಸ್ಕೃತದ್ದು. ಇಂಥ ದಾನಗಳನ್ನು ಕನ್ನಡದಲ್ಲಿ ಹೇಳುವ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಬಿಟ್ಟರು’. ದತ್ತಿ ಬಿಟ್ಟರು, ಸುಂಕ ಬಿಟ್ಟರು.

ಕೊಡುವುದಕ್ಕೆ ‘ಬಿಡು’ ಏಕೆ? ದಾನವಾದ ಹೊಲ ಎಲ್ಲಿಗೂ ಹೋಗುವುದಿಲ್ಲ. ಉಳುವವನೂ ಬಹುಮಟ್ಟಿಗೆ ಅವನೇ. ಅರಸ ಸಡಿಲಿಸುವುದು ತೆರಿಗೆಯ ಮೇಲಿನ ತನ್ನ ಹಿಡಿತವನ್ನು. ಆ ಅರ್ಥದಲ್ಲಿ ಶಾಸನ ಬರೆದವನ ಪದ ಕರಾರುವಾಕ್ಕಾದದ್ದು. ದಂಡು ಇಳಿದ ‘ಬೀಡು’, ರಾಜಧಾನಿಯಾದ ‘ನೆಲೆವೀಡು’ ಕೂಡ ಇದೇ ಧಾತುವಿನವು.

ಬಾಗೇವಾಡಿಯ ಬಸವಣ್ಣ ಉಪನಯನವನ್ನು ನಿರಾಕರಿಸಿ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರೆಂಬುದು ಪರಂಪರೆಯ ಮಾತು. ಅಲ್ಲಿ ಬಿಡುವವರು ತಾವೇ ನಿರ್ಧರಿಸಿದ್ದರು. ಎಲ್ಲರಿಗೂ ಆ ಅವಕಾಶ ಇರಲಿಲ್ಲ. ದೇವರ ಹೆಸರಿನಲ್ಲಿ ಹೋರಿಗರುವನ್ನು ‘ಬಸವ ಬಿಡುವುದು’ ಹಳ್ಳಿಗಳ ಹಳೆಯ ಹರಕೆ. ಅದು ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಒಪ್ಪಿಸುವ ಪದ್ಧತಿಗೂ ಉತ್ತರ ಕರ್ನಾಟಕದಲ್ಲಿ ಅದೇ ಮಾತು ಅಂಟಿತು: ‘ಬಸವಿ ಬಿಡುವುದು’. ಹೋರಿಗಿದ್ದ ಸ್ವಾತಂತ್ರ್ಯ ಮಾತ್ರ ಹುಡುಗಿಗೆ ದಕ್ಕಲಿಲ್ಲ. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಇದನ್ನು ಅಪರಾಧವೆಂದಿತು. ಕಾಯ್ದೆಯ ಹೆಸರಿನ ‘ಸಮರ್ಪಣೆ’ಗಿಂತ ಊರ ಮಾತಿನ ‘ಬಿಡು’ವೇ ನಡೆದದ್ದನ್ನು ನೇರವಾಗಿ ಹೇಳುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಪದಕ್ಕೆ ಹೆಚ್ಚು ಕೆಲಸವಿರುವುದು ನೀರಿನ ವಿಷಯದಲ್ಲಿ. ಬೇಸಿಗೆಯಲ್ಲಿ ಭೀಮಾ ತೀರದ ಇಂಡಿ, ಸಿಂದಗಿಯ ಜನ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಲಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿಂದ ಹೆಚ್ಚು ಬಿಟ್ಟರೆ ಇಲ್ಲಿ ಮನೆ ಬಿಡಬೇಕಾಗುತ್ತದೆ. ಆಗ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮುಂದೆ ಹಿನ್ನೀರಿಗೆ ಸಿಕ್ಕ ಹಳ್ಳಿಗಳ ನೆಲವನ್ನು ಸರ್ಕಾರಿ ಕಾಗದ ‘ಭೂಸ್ವಾಧೀನ’ ಎಂದು ಬರೆದುಕೊಂಡಿತು. ಅಲ್ಲಿಂದ ಎದ್ದು ಬಂದವರು ‘ಊರು ಬಿಟ್ವಿ’ ಎನ್ನುತ್ತಾರೆ. ಅವರು ಬಿಟ್ಟ ನೆಲದ ಮೇಲೆ ನಿಂತ ನೀರು ಕಾಲುವೆಗೆ ಯಾವಾಗ ಬರುತ್ತದೆಂದು ಕೊನೆಯಂಚಿನ ಹೊಲದವರು ಕೇಳುವುದೂ ಅದೇ ಪದದಲ್ಲಿ: ‘ನೀರು ಯಾವಾಗ ಬಿಡ್ತಾರ್ರೀ?’